ಎರಡು ನಳಿಗೆ, ಒಂದು ಕುದುರೆ

ಆದಿತ್ಯನಗರ, ಮೊದಲಿನ ದಿನ

ಅಣ್ಣ ಕೊನೆಯ ಸಲ ನಮ್ಮ ಮನೆಗೆ ಬಂದದ್ದು ಒಂದು ಸೋಮವಾರ. ಐನಾಪುರದಿಂದ ಮುಂಜಾನೆಯ ಬಸ್ಸಿಗೆ ಹೊರಟು, ಸೇಡಂನಲ್ಲಿ ಇಳಿದು ಪಂಪಿನ ಬೆಲ್ಟು ಕೊಂಡು, ಅಲ್ಲಿಂದ ಆದಿತ್ಯನಗರಕ್ಕೆ ಬಂದಿದ್ದ. ಕೈಯಲ್ಲಿ ಹಸಿ ತೊಗರಿಕಾಯಿ ತುಂಬಿದ ಚೀಲ. ನಾನು ಇಲ್ಲಿನ ಒಂದು ಶಾಲೆಯ ಆಫೀಸಿನಲ್ಲಿ ಕೆಲಸ ಮಾಡುತ್ತೇನೆ. ಅಂದು ಅರ್ಧ ದಿನ ರಜೆ ಹಾಕಿದೆ. ಉಪ್ಪು ಹಾಕಿ ಕಾಯಿ ಕುದಿಸಿದೆ. ಇಬ್ಬರೂ ಹಿತ್ತಲ ಬಾಗಿಲಲ್ಲಿ ಕುಳಿತು ಸುಲಿದು ತಿಂದೆವು.

ಚಹಾ ಕೊಟ್ಟಾಗ ಒಂದು ಗುಟುಕು ಕುಡಿದು, "ಪಿಯುಸಿ ಓದಿದವರ ಮನ್ಯಾಗ ಸಕ್ಕರಿ ಎಣಿಸಿ ಹಾಕ್ತಾರ ನೋಡು" ಅಂದ. ಅವನು ಓದಿದ್ದು ನಾಲ್ಕನೇ ಇಯತ್ತೆ. ನಾನು ಪಿಯುಸಿ ಮುಗಿಸಿದ್ದು ಅವನಿಗೆ ಹೆಮ್ಮೆಯೂ ಹೌದು, ಚೇಷ್ಟೆಯ ವಿಷಯವೂ ಹೌದು. ಹೊಲಕ್ಕೆ ಹಂದಿ ಬರುತ್ತಿವೆಯೇ ಎಂದು ಕೇಳಿದೆ. ಚಂದ್ರಂಪಳ್ಳಿಯ ಕಡೆಯ ಕಾಡಿನಿಂದ ದಿನಾ ಬರುತ್ತಿವೆ, ಒಂದು ಗುಂಡು ಮೇಲಕ್ಕೆ ಹಾರಿಸಿದರೆ ಓಡುತ್ತವೆ ಎಂದ. ಹೊಸ ಬಂದೂಕು ಹೇಗಿದೆ ಎಂದು ಕೇಳಿದೆ. "ಚಂದ ಅದ. ಬೆರಳು ನೋಯಂಗಿಲ್ಲ" ಅಂದ. ನಾಲ್ಕು ಗಂಟೆಯ ಬಸ್ಸಿಗೆ ಹೋದ. ಬಸ್ಸು ತಿರುಗುವ ತನಕ ನಾನು ನಿಲ್ಲಲಿಲ್ಲ. ಒಲೆಯ ಮೇಲೆ ಹಾಲಿತ್ತು.

ಮರುದಿನ ಬೆಳಗ್ಗೆ ಹೊಲದಲ್ಲಿ ಹಂದಿ ಅವನ ತೊಡೆ ಸೀಳಿತು. ಬದುವಿನ ಆಚೆಯ ಹೊಲದ ಮಹಿಬೂಬ ಅವನನ್ನು ಜೀಪಿಗೆ ಹಾಕಿಕೊಂಡು ಹೊರಟ. ಅಣ್ಣ ಜೀವಂತ ಕಲಬುರಗಿ ಮುಟ್ಟಲಿಲ್ಲ.

ಬಂದೂಕಿನ ವಿಷಯ ಇಲ್ಲಿಯೇ ಹೇಳಿಬಿಡಬೇಕು, ಇಲ್ಲದಿದ್ದರೆ ಮುಂದಿನದು ಅರ್ಥವಾಗುವುದಿಲ್ಲ. ಟ್ರಿಗರಿಗೆ ನಮ್ಮ ಮನೆಯಲ್ಲಿ ಕುದುರೆ ಎನ್ನುತ್ತಿದ್ದೆವು. ಅಜ್ಜನ ಕಾಲದ ಜೋಡುನಳಿಗೆ ಬಂದೂಕಿಗೆ ಎರಡು ಕುದುರೆ ಇದ್ದವು, ಮುಂದಿನದು ಬಲ ನಳಿಗೆಗೆ, ಹಿಂದಿನದು ಎಡ ನಳಿಗೆಗೆ. ಅದು ಸವೆದು ಕೆಟ್ಟಿತ್ತು. ಬೆಳೆ ಕಾಯುವ ಲೈಸೆನ್ಸಿನ ಮೇಲೆ ಬೇರೆಯದನ್ನು ಕೊಳ್ಳಲು ಹೈದರಾಬಾದಿನ ಅಂಗಡಿಗೆ ಹೋದಾಗ ಅಣ್ಣ ನನ್ನನ್ನೂ ಕರೆದುಕೊಂಡು ಹೋದ. ಅಲ್ಲಿ ಎರಡು ಹಳೆಯ ವಿಲಾಯ್ತಿ ಬಂದೂಕು ತೋರಿಸಿದರು. ಒಂದಕ್ಕೆ ಎರಡು ಕುದುರೆ. ಇನ್ನೊಂದಕ್ಕೆ ನಳಿಗೆ ಎರಡಾದರೂ ಕುದುರೆ ಒಂದೇ. ಅಣ್ಣ ಹುಡುಗನಾಗಿದ್ದಾಗ ಶಹಾಬಾದಿನಲ್ಲಿ ಕಲ್ಲು ಪಾಲಿಶ್ ಮಾಡುವ ಕೆಲಸಕ್ಕಿದ್ದ. ಅಲ್ಲಿ ಬಲಗೈಯ ತೋರುಬೆರಳು ಅರ್ಧ ಹೋಗಿತ್ತು. ಆ ಮೊಂಡು ಬೆರಳಿನಿಂದ ಒಂದು ಕುದುರೆ ಬಿಟ್ಟು ಇನ್ನೊಂದು ಹಿಡಿಯಲು ತಡಕಾಡುತ್ತಿದ್ದ. ಎರಡನ್ನೂ ಕೈಯಲ್ಲಿ ಹಿಡಿದು ನೋಡಿದ, ಕೆಳಗಿಟ್ಟ, ನನ್ನ ಕಡೆ ತಿರುಗಿದ. "ನೀ ಹೇಳು" ಅಂದ.

ನಾನು, "ಅರ್ಧ ಬೆರಳಿಗೆ ಒಂದೇ ಕುದುರಿ ಸಾಕು" ಅಂದೆ.

ಅಂಗಡಿಯವರು ಮೊದಲನೆಯದು ಹಾರಿದರೆ ಎರಡನೆಯದು ತಾನಾಗಿಯೇ ಬರುತ್ತದೆ ಎಂದು ಹೇಳಿದ್ದರು. ಹಾರದಿದ್ದರೆ ಏನಾಗುತ್ತದೆ ಎಂದು ನಾನೂ ಕೇಳಲಿಲ್ಲ, ಅಣ್ಣನೂ ಕೇಳಲಿಲ್ಲ. ಪಂಚನಾಮೆಯಲ್ಲಿ ಬರೆದದ್ದು ಹೀಗೆ: ಬಲ ನಳಿಗೆಯ ತೋಟಾದ ತಳಕ್ಕೆ ಸೂಜಿಯ ಪೆಟ್ಟಿನ ಗುರುತಿದೆ, ಗುಂಡು ಹಾರಿಲ್ಲ. ಎಡ ನಳಿಗೆಯ ತೋಟಾಕ್ಕೆ ಗುರುತೇ ಇಲ್ಲ. ಜೀಪಿನಲ್ಲಿ ಅಣ್ಣ ಒಂದೇ ಮಾತು ಹೇಳಿದ ಎಂದು ಮಹಿಬೂಬ ಹೇಳಿದ್ದಾನೆ. "ಇನ್ನೊಂದು ಬರಲೇ ಇಲ್ಲ ಮಹಿಬೂಬ."

ವಿಮಾನ ಇಳಿದ ಮೇಲೆ

ಅಣ್ಣನ ಮಗಳು ಸವಿತಾ ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್‌ನಲ್ಲಿ ನರ್ಸು. ಅಪ್ಪ ತೀರಿದಾಗ ಅವಳು ನಾಲ್ಕು ತಿಂಗಳ ಬಸುರಿ. ಬಂದು ಮೂರು ದಿನ ಇದ್ದು ಹೋಗಿದ್ದಳು. ಬಾಣಂತನಕ್ಕೆ ತಾಯಿ ಹೋಗಬೇಕಿತ್ತು, ಆದರೆ ಅಣ್ಣನ ಹೆಂಡತಿ, ನಮ್ಮ ವೈನಿ, ವರ್ಷದೊಳಗೆ ಊರು ದಾಟುವುದಿಲ್ಲ ಎಂದು ಹಟ ಹಿಡಿದರು. ಹೀಗಾಗಿ ಅತ್ತಿಯಾದ ನಾನು ಹೊರಟೆ. ಅಲ್ಲಿಯವರೆಗೆ ನಾನು ಹೋಗಿದ್ದ ದೂರದ ಊರೆಂದರೆ ಆ ಹೈದರಾಬಾದೇ.

ಚೀಲದಲ್ಲಿ ಬಾಣಂತಿಗೆ ಬೇಕಾದ ಅಳವಿ ಬೀಜ, ಓಂಕಾಳು, ಒಣಕೊಬ್ಬರಿ, ಬೆಲ್ಲ, ಲೋಬಾನ, ಖಡಕ್ ರೊಟ್ಟಿ. ಓಂಕಾಳಿನ ಡಬ್ಬಿಯ ಕೆಳಗೆ ಮಡಚಿಟ್ಟ ಒಂದು ಕಾಗದ. ಅಣ್ಣನ ಬಂದೂಕಿನ ಕುದುರೆಯ ಭಾಗ ಹೇಗಿತ್ತೋ ಹಾಗೆ ನೆನಪಿನಿಂದ ಬರೆದ ಚಿತ್ರ ಅದು. ಬಂದೂಕಿನ ಮೇಲೆ ಬರ್ಮಿಂಗ್‌ಹ್ಯಾಮ್ ಎಂಬ ಹೆಸರು ಕೊರೆದಿತ್ತು. ಆ ಊರಿಗೇ ಹೋಗುತ್ತಿದ್ದೇನಲ್ಲ, ಅಲ್ಲಿ ಯಾರಿಗಾದರೂ ತೋರಿಸಿದರೆ ಹೇಳಿಯಾರು ಎಂಬ ಆಸೆ. ಸವಿತಾಗೆ ಇದನ್ನು ತಿಳಿಸಿರಲಿಲ್ಲ. ಬಂದೂಕು ಆರಿಸಿದ್ದು ನಾನು ಎಂಬುದೂ ಅವಳಿಗೆ ಗೊತ್ತಿರಲಿಲ್ಲ.

ವಿಮಾನ ನಿಲ್ದಾಣದಲ್ಲಿ ಒಬ್ಬ ಹೆಣ್ಣುಮಗಳು ಚೀಲ ಬಿಚ್ಚಿಸಿದಳು. ಅಳವಿ ಮೂಸಿ ನೋಡಿದಳು. ರೊಟ್ಟಿಯನ್ನು ಬೆರಳಿನಿಂದ ತಟ್ಟಿದಳು, ಅದು ಸಪ್ಪಳ ಮಾಡಿತು, ಮತ್ತೆ ತಟ್ಟಿದಳು. ಆಮೇಲೆ ಡಬ್ಬಿಯ ಕೆಳಗಿನ ಕಾಗದ ಬಿಚ್ಚಿ, ಇದೇನು ಎಂದು ಕೇಳಿದಳು. ಆ ಹೊತ್ತಿಗೆ ಬಾಯಿಗೆ ಬಂದ ಇಂಗ್ಲಿಷ್ ಒಂದೇ ಶಬ್ದ. ಟ್ರಿಗರ್ ಅಂದೆ.

ಒಂದು ಗಂಟೆ ನನ್ನನ್ನು ಸಣ್ಣ ಕೋಣೆಯಲ್ಲಿ ಕೂರಿಸಿದರು. ಯಾರೂ ಬೈಯಲಿಲ್ಲ. ಬಂದವರೆಲ್ಲ ಸಾರಿ ಎಂದೇ ಮಾತು ಶುರು ಮಾಡುತ್ತಿದ್ದರು. ನಮ್ಮಲ್ಲಿ ತಪ್ಪು ಮಾಡಿದವರು ಕ್ಷಮೆ ಕೇಳುತ್ತಾರೆ, ಇಲ್ಲಿ ವಿಚಾರಿಸುವವರು ಕೇಳುತ್ತಿದ್ದರು. ನನಗೆ ಯಾವಾಗ ಹೆದರಬೇಕು ಎಂದೇ ತಿಳಿಯಲಿಲ್ಲ. ಕೊನೆಗೆ ಪೇಟ ಸುತ್ತಿದ ಒಬ್ಬ ಸರದಾರ್ಜಿ ಅಧಿಕಾರಿ ಬಂದು ಹಿಂದಿಯಲ್ಲಿ ಕೇಳಿದರು. ಅಣ್ಣ, ಹೊಲ, ಹಂದಿ, ಎಲ್ಲ ಹೇಳಿದೆ. ಅವರು ನನ್ನ ಚಿತ್ರವನ್ನು ತಿರುಗಿಸಿ ಮುರುಗಿಸಿ ನೋಡಿ, ತಮ್ಮ ಕಾಕಾನ ಊರಲ್ಲಿಯೂ ಗೋಧಿ ಮೇಯಲು ಕಾಡಿನ ನೀಲಗಾಯ್ ನುಗ್ಗುತ್ತವೆ ಎಂದರು. ಕಾಗದ ಮಡಚಿ ವಾಪಸು ಕೊಟ್ಟು, ಆ ಶಬ್ದವನ್ನು ವಿಮಾನ ನಿಲ್ದಾಣದಲ್ಲಿ ಮಾತ್ರ ಹೇಳಬೇಡಿರಿ ಬೆಹೆನ್‌ಜಿ ಎಂದರು. ಹೊರಗೆ ಅಳಿಯ ಬೆವರುತ್ತ ನಿಂತಿದ್ದ. ರೊಟ್ಟಿಯ ಸಲುವಾಗಿ ತಡವಾಯಿತು ಎಂದೆ. ಅದು ಅರ್ಧ ನಿಜ.

ಬಾಣಂತಿಯ ಮನೆ

ಆ ಊರಿನ ಬಾಣಂತನ ನನಗೆ ಅರ್ಥವಾಗಲಿಲ್ಲ. ಸವಿತಾ ಹಡೆದು ಎರಡನೇ ದಿನಕ್ಕೆ ಮನೆಗೆ ಬಂದಳು, ಮೂರನೇ ದಿನ ತಲೆ ತೊಳೆದುಕೊಂಡು ಕಿಟಕಿ ತೆರೆದು ಕುಳಿತಳು. ನಾನು ತಲೆಗೆ ಕಟ್ಟಲು ಬಟ್ಟೆ ಹಿಡಿದು ಹೋದರೆ ಫ್ರಿಜ್ಜಿನ ನೀರು ಕುಡಿಯುತ್ತಿದ್ದಳು. ಮನೆಗೆ ಬಂದ ಸೂಲಗಿತ್ತಿ ಬೂಟು ಬಿಚ್ಚಲಿಲ್ಲ, ಆದರೆ ಮಗುವನ್ನು ಮುಟ್ಟುವ ಮೊದಲು ಮಗುವನ್ನೇ ಕೇಳಿದಳು, ನಿನ್ನನ್ನು ಎತ್ತಿಕೊಳ್ಳಲೇ ಎಂದು. ನಮ್ಮ ಸೇಡಂ ದವಾಖಾನೆಯಲ್ಲಿ ಬಾಣಂತಿಯನ್ನೂ ಯಾರೂ ಕೇಳುವುದಿಲ್ಲ. ಯಾವುದು ಸರಿ ಎಂದು ಯೋಚಿಸುತ್ತ ಕುಳಿತೆ, ತೀರ್ಮಾನವಾಗಲಿಲ್ಲ.

ಒಂದು ದಿನ ಮಗುವಿಗೆ ಎರೆದ ಮೇಲೆ ಲೋಬಾನದ ಹೊಗೆ ಹಿಡಿದೆ. ಚಾವಣಿಗೆ ಅಂಟಿಸಿದ್ದ ಒಂದು ಬಿಳಿ ಡಬ್ಬಿ ಕಿರುಚಲು ಶುರು ಮಾಡಿತು. ಅದು ಬೆಂಕಿ ಬಿದ್ದರೆ ಕೂಗುವ ಯಂತ್ರವಂತೆ. ಪಕ್ಕದ ಮನೆಯ ಮುದುಕಿ ಮನೆಯೊಳಗಿನ ಮೆತ್ತನೆಯ ಚಪ್ಪಲಿಯಲ್ಲಿಯೇ ಓಡಿ ಬಂದಳು. ಹೊಗೆಯ ನಡುವೆ ನಾನು, ತೊಡೆಯ ಮೇಲೆ ಮಗು. ಅವಳು ಏನೋ ಕೇಳಿದಳು, ನಾನು ಕನ್ನಡದಲ್ಲಿ ಏನೋ ಹೇಳಿದೆ. ಮರುದಿನ ಬಾಗಿಲ ಮುಂದೆ ಬಿಸ್ಕೀಟಿನ ಡಬ್ಬಿ ಇಟ್ಟು ಹೋಗಿದ್ದಳು. ಮೂರು ವರ್ಷದಲ್ಲಿ ಆ ಮುದುಕಿ ತಮ್ಮ ಜೊತೆ ಮಾತಾಡಿದ್ದು ಅದೇ ಮೊದಲು ಎಂದು ಸವಿತಾ ನಕ್ಕಳು. ನಾನು ಅಲ್ಲಿಗೆ ಹೋದ ಮೇಲೆ ಸವಿತಾ ನಕ್ಕದ್ದೂ ಅದೇ ಮೊದಲು.

ಅಪ್ಪನ ವಿಷಯ ಅವಳು ತೆಗೆಯುತ್ತಿರಲಿಲ್ಲ. ನಾನೂ ತೆಗೆಯಲಿಲ್ಲ. ಮಗುವಿನ ಕಿವಿ ಅಣ್ಣನ ಕಿವಿಯಂತೆ ಮುಂದೆ ಬಾಗಿದ್ದವು. ಇಬ್ಬರೂ ನೋಡಿದ್ದೆವು, ಹೇಳಿರಲಿಲ್ಲ.

ಬಂದೂಕಿನವರ ಓಣಿ

ಐದನೇ ವಾರ ಸವಿತಾ ಮಗುವನ್ನು ತಳ್ಳುಗಾಡಿಯಲ್ಲಿ ಮಲಗಿಸಿಕೊಂಡು, ನಡಿ ಅತ್ತಿ, ಕಾಲುವೆಯ ತನಕ ಹೋಗಿ ಬರೋಣ ಎಂದಳು. ಚಳಿಯಲ್ಲಿ ಹಸುಗೂಸನ್ನು ಹೊರಗೆ ತರುವುದೇ ಎಂದು ನಾನು ದಾರಿಯುದ್ದಕ್ಕೂ ಗೊಣಗುತ್ತಿದ್ದೆ. ಹಳೆಯ ಇಟ್ಟಿಗೆಯ ಕಟ್ಟಡಗಳ ಒಂದು ಓಣಿ ಬಂತು. ಮೊದಲು ಇಲ್ಲಿ ಮನೆಮನೆಯಲ್ಲಿ ಬಂದೂಕು ಮಾಡುತ್ತಿದ್ದರು, ಈಗ ಒಂದೆರಡು ಉಳಿದಿವೆ ಎಂದು ಸವಿತಾ ಹೇಳಿದಳು. ನನ್ನ ಕಾಲು ನಿಂತವು. ಕಾಗದ ಬ್ಲೌಸಿನಲ್ಲಿಯೇ ಇತ್ತು.

ಅಂಥ ಒಂದರೊಳಗೆ ಹೋಗೋಣ, ಒಂದು ಮಾತು ಕೇಳುವುದಿದೆ ಎಂದೆ. ಅವಳು ನನ್ನ ಮುಖ ನೋಡಿದಳು. ತಳ್ಳುಗಾಡಿಯನ್ನು ಒಂದು ಬಾಗಿಲ ಕಡೆ ತಿರುಗಿಸಿದಳು.

ಬಾಗಿಲಿಗೆ ಗಂಟೆ ಒತ್ತಬೇಕು. ಒಳಗಿದ್ದವನು ಎಪ್ಪತ್ತರ ಮುದುಕ, ಹೆಸರು ಕೆನ್. ಮೈಮೇಲೆ ಎಣ್ಣೆಯ ಕಲೆಯ ಮೇಲಂಗಿ, ಕಿವಿಯ ಮೇಲೆ ಪೆನ್ಸಿಲ್. ನನ್ನನ್ನು ನೋಡಿದ ಕೂಡಲೇ ಲವ್ ಎಂದು ಕರೆದ. ನಾನು ಸೆರಗು ಬಿಗಿಮಾಡಿಕೊಂಡೆ. ಇಲ್ಲಿ ಅಂಗಡಿಯವರು ಎಲ್ಲರಿಗೂ ಹಾಗೆಯೇ ಅನ್ನುತ್ತಾರೆ, ನಮ್ಮಲ್ಲಿ ಅಕ್ಕೋರೆ ಅಂದಂತೆ ಎಂದು ಸವಿತಾ ಹೇಳಿದಳು. ಅವನು ಚಹಾ ಮಾಡಿಕೊಟ್ಟ. ಸಕ್ಕರೆ ಎಷ್ಟು ಎಂದು ಕೇಳಿ, ಹಾಲು ಎಷ್ಟು ಎಂದು ಕೇಳಿ, ಕೊನೆಗೆ ಕುಡಿಯಲಾಗದ ಚಹಾ ಕೊಟ್ಟ.

ಕಾಗದ ಬಿಚ್ಚಿಟ್ಟೆ. ಸವಿತಾ ಅದನ್ನು ನೋಡಿದಳು. ಅದು ಅಪ್ಪನ ಬಂದೂಕು ಎಂದು ಅವಳಿಗೆ ಗೊತ್ತಾಯಿತು.

ನಾನು ಕನ್ನಡದಲ್ಲಿ ಹೇಳಿದೆ, ಅವಳು ಇಂಗ್ಲಿಷಿನಲ್ಲಿ ಹೇಳಿದಳು. ಮೊದಲನೆಯದು ಹಾರಲಿಲ್ಲ, ಎರಡನೆಯದಕ್ಕೆ ಪೆಟ್ಟೇ ಬೀಳಲಿಲ್ಲ. ಹೀಗೇಕೆ? ರೋಗಿಯೊಬ್ಬನ ವಿಷಯ ಡಾಕ್ಟರಿಗೆ ಹೇಳುವ ನರ್ಸಿನ ದನಿ ಅವಳದು.

ಕೆನ್ ಹಸಿರು ಬಟ್ಟೆ ಹಾಸಿ ಅದರ ಮೇಲೆ ಎರಡು ಜೋಡುನಳಿಗೆ ಬಂದೂಕು ಇಟ್ಟ. ಒಂದಕ್ಕೆ ಎರಡು ಕುದುರೆ, ಒಂದಕ್ಕೆ ಒಂದೇ. ಎರಡಕ್ಕೂ ಮದ್ದಿಲ್ಲದ ಹುಸಿ ತೋಟಾ ಹಾಕಿದ. ಎರಡು ಕುದುರೆಯದನ್ನು ಎತ್ತಿ ಮುಂದಿನದನ್ನು ಎಳೆದ, ಟಕ್. ಹಿಂದಿನದನ್ನು ಎಳೆದ, ಟಕ್. ಇದು ಎರಡು ಬಂದೂಕು ಒಂದೇ ಮರಕ್ಕೆ ಕಟ್ಟಿದ ಹಾಗೆ, ಒಂದು ಕೈಕೊಟ್ಟರೆ ಇನ್ನೊಂದಕ್ಕೆ ಅದರ ಗೊಡವೆ ಇಲ್ಲ ಎಂದ. ಆಮೇಲೆ ಒಂದೇ ಕುದುರೆಯದನ್ನು ಎತ್ತಿದ. ಎಳೆದ, ಟಕ್. ಮತ್ತೆ ಎಳೆದ. ಏನೂ ಇಲ್ಲ. ಮತ್ತೆ ಎಳೆದ. ಏನೂ ಇಲ್ಲ.

ಈ ನಮೂನೆಯದರಲ್ಲಿ ಮೊದಲ ಗುಂಡು ಹಾರಿದಾಗ ಬಂದೂಕು ಹಿಂದಕ್ಕೆ ಒದೆಯುತ್ತದಲ್ಲ, ಆ ಒದೆತವೇ ಕುದುರೆಯನ್ನು ಎರಡನೆಯ ನಳಿಗೆಗೆ ಸರಿಸುವುದು. ಗುಂಡು ಹಾರದಿದ್ದರೆ ಒದೆತವಿಲ್ಲ, ಒದೆತವಿಲ್ಲದಿದ್ದರೆ ಎರಡನೆಯದಿಲ್ಲ. ಇಷ್ಟು ಹೇಳಿ ಕೆನ್ ಬಂದೂಕಿನ ಹಿಂಬದಿಯ ಮರಕ್ಕೆ ಅಂಗೈಯಿಂದ ಒಂದು ಏಟು ಹೊಡೆದ. ಮಗು ಮಲಗಿದ್ದಲ್ಲಿಯೇ ಬೆಚ್ಚಿತು. ಕುದುರೆ ಎಳೆದ. ಟಕ್.

ಅಷ್ಟೇ. ಒಂದು ಅಂಗೈ ಏಟು.

ಆಮೇಲೆ ಕೆನ್ ತಲೆ ಅಲ್ಲಾಡಿಸುತ್ತ ತನ್ನಷ್ಟಕ್ಕೆ ಏನೋ ಅಂದ. ಏನಂದರು ಎಂದು ಸವಿತಾಳನ್ನು ನಾನು ಕೇಳಿದೆ.

"ಹಂದಿ ಬರೋ ಹೊಲದಾಗ ಒಬ್ಬನೇ ಅಡ್ಡಾಡೋ ಮನುಷ್ಯಾಗ ಇದನ್ನ ಯಾರು ಆರಿಸಿ ಕೊಟ್ರು ಅಂತ ಕೇಳ್ಲಿಕತ್ತಾರ, ಅತ್ತಿ."

"ನಾನು ಅಂತ ಹೇಳು" ಅಂದೆ.

ಅವಳು ನನ್ನನ್ನೇ ನೋಡಿದಳು. ಕೆನ್ ಕಾಯುತ್ತಿದ್ದ. ನಾನು ಮತ್ತೆ ಹೇಳಿದೆ, "ನಿಮ್ಮಪ್ಪ ನನ್ನ ಕೇಳಿದ. ನಾ ಒಂದೇ ಕುದುರಿ ಸಾಕು ಅಂದೆ. ಅದನ್ನೇ ಹೇಳು ಅವರಿಗೆ."

ಅವಳು ಹೇಳಿದಳು. ಇಂಗ್ಲಿಷಿನಲ್ಲಿ ಅದು ಬಹಳ ಚಿಕ್ಕ ಮಾತು.

ಕೆನ್ ಬಂದೂಕು ಕೆಳಗಿಟ್ಟ. ಸಾರಿ ಎಂದ, ಕನ್ನಡಕ ತೆಗೆದು ಒರೆಸಿಕೊಂಡ. ಆಮೇಲೆ ನನ್ನ ಸಲುವಾಗಿಯೋ ನಿಜವಾಗಿಯೋ ಗೊತ್ತಿಲ್ಲ, ಬೇರೆ ಬೇರೆ ಮಾತು ಹೇಳತೊಡಗಿದ. ಒಂದೇ ಕುದುರೆಯವೆಲ್ಲ ಹೀಗಿರುವುದಿಲ್ಲ. ಇನ್ನೊಂದು ನಮೂನೆ ಇದೆ, ಅದಕ್ಕೆ ಒದೆತ ಬೇಡ, ಬಿಟ್ಟು ಮತ್ತೆ ಎಳೆದರೆ ಎರಡನೆಯದು ಬೀಳುತ್ತದೆ. ಆದರೆ ಬೆರಳು ಪೂರ್ತಿ ಬಿಡಬೇಕು. ಹೆದರಿದ ಮನುಷ್ಯ ಪೂರ್ತಿ ಬಿಡುವುದಿಲ್ಲ, ಅರ್ಧ ಬಿಟ್ಟು ಎಳೆಯುತ್ತಾನೆ. ಕೆಲವಕ್ಕೆ ಹೆಬ್ಬೆರಳಿನ ಹತ್ತಿರ ಒಂದು ಗುಂಡಿ ಇರುತ್ತದೆ, ಅದನ್ನು ಸರಿಸಿದರೆ ನಳಿಗೆ ಬದಲಾಗುತ್ತದೆ. ನಿಮ್ಮದು ಯಾವುದು? ನನ್ನ ಚಿತ್ರದಲ್ಲಿ ಹುಡುಕಿದ. ಚಿತ್ರದಲ್ಲಿ ಗುಂಡಿ ಇರಲಿಲ್ಲ. ನಿಜವಾದ ಬಂದೂಕಿನಲ್ಲಿ ಇತ್ತೇ ಎಂದು ನನಗೆ ನೆನಪಾಗಲಿಲ್ಲ. ಹೊರಗಿನಿಂದ ಎಲ್ಲವೂ ಒಂದೇ ರೀತಿ ಕಾಣುತ್ತವೆ, ಕೈಗೆ ಸಿಗದೆ ಹೇಳಲಾರೆ ಎಂದ.

ಅಣ್ಣನ ತೋರುಬೆರಳು ಅರ್ಧವೇ ಇತ್ತು ಎಂದು ಹೇಳಿ, ಹಾಗಾದರೆ ಎರಡು ಕುದುರೆಯದಿದ್ದರೆ ಅವನು ಉಳಿಯುತ್ತಿದ್ದನೇ ಎಂದು ಕೇಳಿದೆ. ಕೆನ್ ಎರಡು ಕುದುರೆಯ ಬಂದೂಕನ್ನು ನನ್ನ ಕೈಗೆ ಕೊಟ್ಟು, ತೋರುಬೆರಳು ಮಡಚಲು ಹೇಳಿದ. ಅಷ್ಟು ಭಾರ ಇರುತ್ತದೆಂದು ಗೊತ್ತಿರಲಿಲ್ಲ. ಅಣ್ಣನಂತೆ ಬೆರಳು ಮಡಚಿ ಗೆಣ್ಣಿನಿಂದ ಮುಂದಿನ ಕುದುರೆ ಎಳೆದೆ. ಹಿಂದಿನದಕ್ಕೆ ಸರಿದೆ, ಎಳೆದೆ, ಟಕ್ ಅಂತು. ಇನ್ನೊಮ್ಮೆ ಮಾಡಿ ಎಂದ. ಎರಡನೆಯ ಸಲ ಗೆಣ್ಣು ಎರಡು ಕುದುರೆಗಳ ನಡುವೆ ಸಿಕ್ಕಿಕೊಂಡಿತು. ಮೂರನೆಯ ಸಲ ಆಯಿತು. ನಾಲ್ಕನೆಯ ಸಲ ಮತ್ತೆ ಇಲ್ಲ. ನಾನು ಐದನೆಯ ಸಲ ಮಾಡಲು ಹೋದಾಗ ಸವಿತಾ ನನ್ನ ಕೈಯಿಂದ ಬಂದೂಕು ತೆಗೆದು ಕೆನ್‌ಗೆ ಕೊಟ್ಟಳು.

ಕಾಲುವೆಯ ದಾರಿ

ವಾಪಸು ಬರುವಾಗ ಅವಳು ಗಾಡಿ ತಳ್ಳುತ್ತಿದ್ದಳು, ನಾನು ಎರಡು ಹೆಜ್ಜೆ ಹಿಂದೆ. ಎದುರಿಗೆ ಬಂದವರೆಲ್ಲ ಹವೆ ಚೆನ್ನಾಗಿದೆ ಎಂದು ನಮಗೆ ಹೇಳಿ ಹೋಗುತ್ತಿದ್ದರು. ಗುರುತಿಲ್ಲದವರಿಗೆ ಹವೆಯ ವಿಷಯ ಯಾಕೆ ಹೇಳುತ್ತಾರೋ. ಸವಿತಾ ಎಲ್ಲರಿಗೂ ಹೌದು ಹೌದು ಎನ್ನುತ್ತಿದ್ದಳು.

ಎರಡು ದಿನ ನನ್ನ ಜೊತೆ ಮಾತಾಡಲಿಲ್ಲ. ಊಟಕ್ಕೆ ಕರೆದರೆ ಬರುತ್ತಿದ್ದಳು. ಮಗುವಿಗೆ ತಾನೇ ಎರೆದಳು, ಅವರ ಪದ್ಧತಿಯಂತೆ, ಸಣ್ಣ ತೊಟ್ಟಿಯಲ್ಲಿ ಕೂರಿಸಿ. ವಾಪಸು ಟಿಕೆಟ್ಟು ಬೇಗ ಮಾಡಿಸು ಎಂದು ಅಳಿಯನಿಗೆ ಹೇಳಬೇಕೆಂದುಕೊಂಡೆ. ಮೂರನೇ ದಿನ ಎಣ್ಣೆಯ ಬಟ್ಟಲು ತಂದು ನನ್ನ ಮುಂದೆ ಇಟ್ಟು, ಮಗುವನ್ನು ನನ್ನ ಕಾಲ ಮೇಲೆ ಮಲಗಿಸಿದಳು.

"ಅಪ್ಪ ಯಾರ ಮಾತು ಕೇಳ್ತಿದ್ದ ಅತ್ತಿ? ಅವ್ವಂದು ಕೇಳಲಿಲ್ಲ, ನಂದು ಕೇಳಲಿಲ್ಲ. ನಿಂದು ಒಂದೇ ಕೇಳ್ತಿದ್ದ" ಅಂದಳು.

ಸಮಾಧಾನಕ್ಕೆ ಹೇಳಿದಳೋ, ತಪ್ಪು ಹೊರಿಸಿ ಹೇಳಿದಳೋ ನನಗೆ ತಿಳಿಯಲಿಲ್ಲ. ಮುಖ ನೋಡಿದರೂ ತಿಳಿಯಲಿಲ್ಲ. ನಾನು ಮಗುವಿಗೆ ಎಣ್ಣೆ ಹಚ್ಚಿ ಬಿಸಿನೀರು ಎರೆಯತೊಡಗಿದೆ. ಅವಳು ಪಕ್ಕದಲ್ಲಿಯೇ ಕುಳಿತಳು, ಎದ್ದು ಹೋಗಲಿಲ್ಲ. ಜೀಪಿನಲ್ಲಿ ಅಪ್ಪ ಏನಾದರೂ ಅಂದನೇ ಎಂದು ಕೇಳಿದಳು. ಮಹಿಬೂಬ ಹೇಳಿದ್ದನ್ನು ಹೇಳಿದೆ. ಅವಳು ಅದುವರೆಗೂ ಅದನ್ನು ಕೇಳಿರಲಿಲ್ಲ. ಆಮೇಲೆ ಬಹಳ ಹೊತ್ತು ಅತ್ತಳು, ನಾನು ಎರೆಯುವುದನ್ನು ನಿಲ್ಲಿಸಲಿಲ್ಲ, ಮಗುವಿಗೆ ನೀರು ಆರುತ್ತಿತ್ತು.

ವಾಡಿ, ಆಮೇಲೆ ಚಿಂಚೋಳಿ

ಮೂರು ತಿಂಗಳ ಮೇಲೆ ಹೈದರಾಬಾದಿಗೆ ಇಳಿದು ರೈಲು ಹತ್ತಿದೆ. ಹೊತ್ತು ಗೊತ್ತಿಲ್ಲದ ನಿದ್ದೆ ಹತ್ತಿತು. ಸೇಡಂ ಹೋಯಿತು, ನಾನು ಇಳಿಯಬೇಕಾದ ಮಳಖೇಡ ಹೋಯಿತು, ಚಿತ್ತಾಪುರ ಹೋಯಿತು. ಎಚ್ಚರಾದಾಗ ವಾಡಿ ಜಂಕ್ಷನ್ನು. ಪ್ಲಾಟ್‌ಫಾರ್ಮಿನಲ್ಲಿ ಚೀಲಗಳ ಮೇಲೆ ಕುಳಿತು ವಾಪಸು ಹೋಗುವ ಗಾಡಿ ಕಾದೆ. ಪಕ್ಕದ ಹೆಂಗಸು, "ಎಲ್ಲಿಂದ ಬರ್ಲಿಕತ್ತೀರಿ ಅಕ್ಕೋರೆ?" ಅಂದಳು. ಬರ್ಮಿಂಗ್‌ಹ್ಯಾಮ್ ಎಂದೆ. ಅದು ಗುಂತಕಲ್ಲಿನ ಆಚೆಗೇನು ಎಂದು ಕೇಳಿದಳು. ಹೌದು, ಸ್ವಲ್ಪ ಆಚೆಗೆ ಎಂದೆ.

ಅಣ್ಣನ ವರ್ಷದ ಕಾರ್ಯ ಮುಗಿದ ಮರುವಾರ ವೈನಿಯನ್ನು ಕರೆದುಕೊಂಡು ಚಿಂಚೋಳಿ ಠಾಣೆಗೆ ಹೋದೆ. ಬಂದೂಕು ಕೇಸಿನ ಮಾಲು, ಬೀಗದೊಳಗೆ ಇದೆ. ಅಲ್ಲಿ ದಾಖಲೆ ಬರೆಯುವ ರೈಟರ್ ಒಳ್ಳೆಯ ಮನುಷ್ಯ, ಕುಂದ್ರಿ ಅಂದರು, ನೀರು ಕೊಟ್ಟರು. ನಮಗೆ ಬಂದೂಕು ಬೇಡ, ಒಂದು ಸಲ ಹುಸಿ ತೋಟಾ ಹಾಕಿ ಕುದುರೆ ಎಳೆದು, ಬಿಟ್ಟು ಮತ್ತೆ ಎಳೆದು ನೋಡಬೇಕು, ಅಷ್ಟೇ ಎಂದೆ. ಎರಡನೆಯದು ಬರಲಿಲ್ಲ ಅಂದರೆ ಹಿಂದಿನ ಮರಕ್ಕೆ ಅಂಗೈಯಿಂದ ಒಂದು ಏಟು ಹೊಡೆಯಬೇಕು. ಅವರು ನನ್ನನ್ನು ನೋಡಿದರು, ವೈನಿಯನ್ನು ನೋಡಿದರು.

"ಅದನ್ನ ನೋಡಿ ಏನ್ ಮಾಡ್ತೀರಿ ಅಕ್ಕಾ?" ಅಂದರು.

ವೈನಿಯೂ ನನ್ನ ಕಡೆ ತಿರುಗಿದರು. ಅವರಿಗೆ ನಾನು ಅಲ್ಲಿಯೇ, ಆ ಬೆಂಚಿನ ಮೇಲೆಯೇ ಎಲ್ಲ ಹೇಳಿದೆ. ಕೊನೆಗೆ ವೈನಿ, ಯಾವ ಬಂದೂಕು ಕೊಳ್ಳಲಿ ಎಂದು ಅವರು ನನ್ನನ್ನೂ ಕೇಳಿದ್ದರು, ನಿಮ್ಮ ತಂಗಿಯನ್ನೇ ಕೇಳಿರಿ ಎಂದು ನಾನೇ ಕಳಿಸಿದ್ದೆ ಎಂದರು. ಕೋರ್ಟಿಗೆ ಅರ್ಜಿ ಕೊಡಬೇಕು, ಕೋರ್ಟು ಹೇಳಿದರೆ ತೆಗೆದು ತೋರಿಸುತ್ತೇವೆ ಎಂದು ರೈಟರ್ ಹೇಳಿದರು. ಅರ್ಜಿಯನ್ನು ಇಬ್ಬರ ಹೆಸರಿನಲ್ಲಿ ಬರೆದುಕೊಟ್ಟೆವು. ಅದಕ್ಕೆ ಇನ್ನೂ ಉತ್ತರ ಬಂದಿಲ್ಲ.

ಬಂದರೂ ಬಂದೂಕಿನೊಳಗೆ ಯಾವ ನಮೂನೆ ಇದೆ ಎಂಬುದಷ್ಟೇ ತಿಳಿಯುತ್ತದೆ. ಆ ಬೆಳಗ್ಗೆ ಅಣ್ಣ ಬೆರಳು ಪೂರ್ತಿ ಬಿಟ್ಟು ಎರಡನೆಯ ಸಲ ಎಳೆದನೋ ಇಲ್ಲವೋ, ಅದು ಗೊತ್ತಿಲ್ಲ.